ಸುದ್ದಿಗೆ ಹಚ್ಚಿದ ಬೆಣ್ಣೆ

2011ರ ಜುಲೈನಲ್ಲಿ ಪುಣೆಯಲ್ಲಿ ಅಮುಲ್ ಬೆಣ್ಣೆಯ ಜಾಹೀರಾತೊಂದು ವಿವಾದಕ್ಕೆ ಸಿಕ್ಕಿಕೊಂಡಿತು. ಅಲ್ಲಿನ ಸಂಸದ ಸುರೇಶ್ ಕಲ್ಮಾಡಿ ಕಾಮನ್‌ವೆಲ್ತ್ ಕ್ರೀಡಾಕೂಟದ ಭ್ರಷ್ಟಾಚಾರ ಪ್ರಕರಣದಲ್ಲಿ ಏಪ್ರಿಲ್‌ನಲ್ಲಷ್ಟೇ ಬಂಧಿತರಾಗಿದ್ದರು. ಜಾಹೀರಾತು ಅವರನ್ನೇ ಗೇಲಿ ಮಾಡಿತ್ತು.

ಈ ಜಾಹೀರಾತುಗಳಲ್ಲಿ ಬರುವ ಚುಕ್ಕಿ ಫ್ರಾಕಿನ ಅಮುಲ್ ಹುಡುಗಿ 1966ರ ಸೃಷ್ಟಿ. ಸಿಲ್ವೆಸ್ಟರ್ ಡಕುನ್ಹಾ ಮತ್ತು ಕಲಾವಿದ ಯೂಸ್ಟೇಸ್ ಫರ್ನಾಂಡಿಸ್ ಆಕೆಯನ್ನು ರೂಪಿಸಿದವರು. ಸುದ್ದಿ ಬಿಸಿಯಿರುವಾಗಲೇ ಒಂದು ಚಿತ್ರ, ಒಂದು ಪದಚಮತ್ಕಾರ, ಕೊನೆಗೆ ಬೆಣ್ಣೆಯ ಮಾತು. ಕಥೆಯ ಹಿನ್ನೆಲೆಯನ್ನು ಪತ್ರಿಕೆಗಳು ಮೊದಲೇ ಹೇಳಿ ಮುಗಿಸಿರುತ್ತವೆ. ಕಂಪನಿಗೆ ಆ ಖರ್ಚೂ ಉಳಿತಾಯ! ತಡವಾದರೆ ಮಾತ್ರ ನಗೆ ಹಳಸುತ್ತದೆ.

ಅಪಾಯವೂ ಉಂಟು. ತನ್ನಲ್ಲಿನ ಮುಷ್ಕರವನ್ನು ಜಾಹೀರಾತು ಅಣಕಿಸಿದ್ದಕ್ಕೆ ಇಂಡಿಯನ್ ಏರ್‌ಲೈನ್ಸ್, ವಿಮಾನದಲ್ಲಿ ಅಮುಲ್ ಬೆಣ್ಣೆ ಕೊಡುವುದನ್ನೇ ನಿಲ್ಲಿಸುವುದಾಗಿ ಬೆದರಿಸಿತ್ತು.

ಹೋರ್ಡಿಂಗ್ ತೀರ್ಪಿಗೆ ಕಾಯುವುದಿಲ್ಲ. ಅದೇ ಕ್ರೀಡಾಕೂಟಕ್ಕೆ ಸಂಬಂಧಿಸಿ ಕಲ್ಮಾಡಿ ವಿರುದ್ಧ ಇದ್ದ ಹಣ ಅಕ್ರಮ ವರ್ಗಾವಣೆ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ (ಇ.ಡಿ.) ಸಲ್ಲಿಸಿದ ಮುಕ್ತಾಯ ವರದಿಯನ್ನು ದೆಹಲಿಯ ನ್ಯಾಯಾಲಯ ಒಪ್ಪಿದ್ದು 2025ರಲ್ಲಿ.