ಕಣಜ ಸರಿಯಿದೆ, ಬಾಗಿಲು ಬಿಗಿ

1896ರ ನವೆಂಬರ್. ಇಂಗ್ಲೆಂಡಿನ ಸೀಫೋರ್ಡ್‌ನ ವೈದ್ಯ ಪ್ರಿಂಗಲ್ ಮಾರ್ಗನ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ 14 ವರ್ಷದ ಪರ್ಸಿ ಎಂಬ ಹುಡುಗನ ವಿಚಾರ ಬರೆದರು. ಬುದ್ಧಿಗೇನೂ ಕೊರತೆಯಿಲ್ಲ, ಓದು ಮಾತ್ರ ಹತ್ತದು. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದರೂ ತಪ್ಪು ಕಾಣುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ.

ಆ ಮಾತಿಗೆ ಆಗ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ಓದಿನ ಇಂಥ ತೊಡಕಿಗೆ ಡಿಸ್ಲೆಕ್ಸಿಯಾ ಎಂಬ ಹೆಸರಿಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯರು. ಅವರ ನಂತರ ಇದರ ಬೆನ್ನುಹತ್ತಿದ ಗ್ಲಾಸ್ಗೋದ ಹಿನ್ಶೆಲ್‌ವುಡ್ ಕೂಡ ಕಣ್ಣಿನ ವೈದ್ಯರೇ. ಹೀಗಾಗಿ, ಕಣ್ಣಿಗೆ ಕಂಡ ಪದದ ರೂಪ ಮನಸ್ಸಿನಲ್ಲಿ ನಿಲ್ಲದಿರುವುದೇ ಕಾರಣ ಎಂಬ ನಂಬಿಕೆ ದಶಕಗಟ್ಟಲೆ ಉಳಿಯಿತು. 1970ರ ದಶಕದಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದ ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು, ಕೇಳಿದ ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಶಕ್ತಿಗೂ ಓದಿಗೂ ಇರುವ ನಂಟು ತೋರಿಸಿದರು. ಹಾಗಾದರೆ ಮಿದುಳಿನಲ್ಲಿ ಧ್ವನಿಗಳ ಅಚ್ಚೇ ಮಸುಕೋ? ಬಹುಮಂದಿ ಹೌದೆಂದರು. 2008ರಲ್ಲಿ ಪ್ಯಾರಿಸ್ಸಿನ ಫ್ರಾಂಕ್ ರಾಮ್ಯೂಸ್ ಮತ್ತು ಗಯಾನೆ ಸೆಂಕೋವಿಟ್ಸ್ ತಕರಾರು ತೆಗೆದರು: ಅಚ್ಚು ಸರಿಯಾಗಿಯೇ ಇರಬಹುದು, ಬೇಕಾದಾಗ ಕೈಗೆ ಸಿಗದಿರಬಹುದು.

ಇದನ್ನು ನೇರವಾಗಿ ಒರೆಗೆ ಹಚ್ಚಿದ್ದು ಬೆಲ್ಜಿಯಂನ ಲೂವೆನ್‌ನಲ್ಲಿ, ಬಾರ್ಟ್ ಬೂಟ್ಸ್ ತಂಡ. ಡಿಸ್ಲೆಕ್ಸಿಯಾ ಇರುವ 23 ವಯಸ್ಕರು, ಇಲ್ಲದ 22 ಮಂದಿ. ಸ್ಕ್ಯಾನರಿನೊಳಗೆ ಮಲಗಿದವರಿಗೆ ಮಾತಿನ ಧ್ವನಿಗಳನ್ನು ಕೇಳಿಸಿ, ಒಂದೊಂದು ಧ್ವನಿಗೂ ಶ್ರವಣ ಭಾಗದಲ್ಲಿ ಮೂಡುವ ಚಟುವಟಿಕೆಯ ವಿನ್ಯಾಸವನ್ನು ಗಣಕದಿಂದ ಬೇರ್ಪಡಿಸಿ ನೋಡಿದರು. ಎರಡೂ ಗುಂಪಿನಲ್ಲಿ ವಿನ್ಯಾಸಗಳು ಅಷ್ಟೇ ಸ್ಪಷ್ಟ! ವ್ಯತ್ಯಾಸ ಕಂಡದ್ದು ಬೇರೆಡೆ: ಡಿಸ್ಲೆಕ್ಸಿಯಾ ಇರುವವರಲ್ಲಿ ಶ್ರವಣ ಭಾಗಕ್ಕೂ ಎಡಮಿದುಳಿನ ಮುಂಭಾಗದ ಬ್ರೋಕಾ ಪ್ರದೇಶಕ್ಕೂ ನಡುವಿನ ಸಂಪರ್ಕ ದುರ್ಬಲ. ಕೇಳಿದ ಧ್ವನಿಗಳ ಬಗ್ಗೆ ಅವರ ಉತ್ತರ ತಪ್ಪುತ್ತಿರಲಿಲ್ಲ, ತಡವಾಗುತ್ತಿತ್ತು. ಕಣಜದಲ್ಲಿ ಕಾಳು ಹುಳಿತಿಲ್ಲ, ಬಾಗಿಲು ಬಿಗಿ. ವರದಿ 2013ರ ಡಿಸೆಂಬರ್‌ನಲ್ಲಿ ‘ಸೈನ್ಸ್’ನಲ್ಲಿ ಬಂತು.

ವಾದ ಮುಗಿದಿದೆ ಎನ್ನುವಂತಿಲ್ಲ. ಸಂಪರ್ಕ ಸಡಿಲವಾದದ್ದರಿಂದ ಓದು ಕಷ್ಟವಾಯಿತೋ, ಬಾಲ್ಯದಿಂದ ಓದು ಕಡಿಮೆಯಾದದ್ದರಿಂದ ಸಂಪರ್ಕ ಬಲಿಯಲಿಲ್ಲವೋ? ವಯಸ್ಕರನ್ನು ಮಾತ್ರ ನೋಡಿ ಇದನ್ನು ಹೇಳಲಾಗದು. 2016ರಲ್ಲಿ ಟೈಲರ್ ಪೆರಾಕಿಯೋನ್ ಮತ್ತು ಎಂಐಟಿಯ ಸಂಗಡಿಗರು ಇನ್ನೊಂದು ಸುಳಿವು ಕೊಟ್ಟರು: ಅದೇ ದನಿ ಮತ್ತೆ ಮತ್ತೆ ಕೇಳಿದಾಗ ಮಿದುಳಿನ ಪ್ರತಿಕ್ರಿಯೆ ತಗ್ಗಬೇಕು, ಡಿಸ್ಲೆಕ್ಸಿಯಾ ಇರುವ ವಯಸ್ಕರಲ್ಲಿ ಅದು ಅಷ್ಟಾಗಿ ತಗ್ಗುವುದಿಲ್ಲ. ಚಿತ್ರ, ಮುಖಗಳಿಗೂ ಹಾಗೆಯೇ. ಅಲ್ಲಿಗೆ ಇದು ಮಾತೊಂದರದೇ ಕತೆಯಲ್ಲ.

ನಮ್ಮ ಅಕ್ಷರಕ್ಕೆ ಈ ಫಲಿತಾಂಶಗಳನ್ನು ಹಾಗೇ ಒಗ್ಗಿಸುವುದು ಅವಸರವಾದೀತು. ಕನ್ನಡ ಓದಲು ಕಲಿಯುವ ಮಕ್ಕಳಿಗೆ ‘ಕಾ’, ‘ಕಿ’ಯಂಥ ಇಡೀ ಅಕ್ಷರದ ಅರಿವು ಬೇಗ, ಬಿಡಿ ಧ್ವನಿಯ ಅರಿವು ನಿಧಾನ ಎಂದು ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಹಾಗಾಗಿ ಬಿಡಿ ಧ್ವನಿಗಳನ್ನು ನೆಚ್ಚಿದ ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿ ಕನ್ನಡದ ವಯಸ್ಕರನ್ನು ಅಳೆಯುವುದು ತಪ್ಪು. ನಮ್ಮ ಭಾಷಾ ತಜ್ಞರೂ ನರವಿಜ್ಞಾನಿಗಳೂ ಕೂತು ಅವರಿಗೆಂದೇ ಪರೀಕ್ಷೆ ರೂಪಿಸಬೇಕು.