ಯಾವ ಬೋರರ್?

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ಬೆಳೆಗಾರರ ಬಾಯಲ್ಲಿ ‘ಬೋರರ್’ ಎಂಬ ಇಂಗ್ಲಿಷ್ ಪದ ಮನೆಮಾತೇ ಆಗಿದೆ. ‘ಈ ವರ್ಷ ಬೋರರ್ ಜಾಸ್ತಿ’ ಅನ್ನುತ್ತಾರೆ. ‘ಮೇಲಿನ ಬ್ಲಾಕಿನಲ್ಲಿ ಬೋರರ್ ಗಿಡ ಕೀಳಿಸಬೇಕು’ ಅನ್ನುತ್ತಾರೆ. ‘ಬೋರರ್ ಬಿದ್ದ ಕಾಫಿಗೆ ರೇಟಿಲ್ಲ’ ಅಂತಲೂ ಅನ್ನುತ್ತಾರೆ. ಎರಡನೆಯ ಮಾತು ಅರೇಬಿಕಾ ಗಿಡದ ಬೊಡ್ಡೆ ಕೊರೆಯುವ ದುಂಬಿಯದು. ಮೂರನೆಯದು ಹಣ್ಣಿನೊಳಗೆ ಸಂಸಾರ ಹೂಡುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳುವಿನದು. ಮೊದಲನೆಯದು ಯಾವುದರ ಕುರಿತು ಎಂಬುದು ಹೇಳಿದವರಿಗೇ ಗೊತ್ತು. ಇವೆರಡೂ ಸಾಲದೆಂಬಂತೆ ರೋಬಸ್ಟಾದ ಎಳೆ ರೆಂಬೆಗೆ ಬರುವ ‘ಶಾಟ್ ಹೋಲ್ ಬೋರರ್’ ಬೇರೆ ಇದೆ. ಏಲಕ್ಕಿ ಬೆಳೆಯುವವರನ್ನು ಕೇಳಿದರೆ ಅವರು ತೋರಿಸುವ ಬೋರರ್ ದುಂಬಿಯೇ ಅಲ್ಲ, ಮೈಮೇಲೆ ಕಪ್ಪು ಚುಕ್ಕೆಗಳಿರುವ ಹಳದಿ ಪತಂಗದ ಮರಿಹುಳು.

ಕೊರೆಯುವುದೆಲ್ಲ ಬೋರರ್ ಎಂಬ ಲೆಕ್ಕದಲ್ಲಿ ಹುಟ್ಟಿದ ಹೆಸರಿದು. ಹೆಸರು ಒಂದಾದರೂ ಈ ಹುಳುಗಳು ತಿನ್ನುವ ಆಹಾರ, ಬದುಕುವ ಜಾಗ, ಹಾರುವ ಕಾಲ ಎಲ್ಲವೂ ಬೇರೆ. ನೆರಳಿನ ವಿಷಯದಲ್ಲಂತೂ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಅನುಕೂಲವಾಗುತ್ತದೆ. ಹೀಗಾಗಿ ಹೆಸರಿನ ಗೊಂದಲ ತೋಟಕ್ಕೆ ನಷ್ಟ ತರುವ ಗೊಂದಲವೂ ಹೌದು.

ಮೊದಲು ಹಳಬನನ್ನು ನೋಡೋಣ. ಬಿಳಿ ಕಾಂಡಕೊರಕ ಈ ಸೀಮೆಯ ಕಾಫಿಯನ್ನು ಕಾಡತೊಡಗಿ ಒಂದೂವರೆ ಶತಮಾನ ದಾಟಿದೆ. 1860ರ ದಶಕದಲ್ಲಿ ಅದರ ಹಾವಳಿ ಎಷ್ಟಿತ್ತೆಂದರೆ ಮದ್ರಾಸು ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯರನ್ನು ತನಿಖೆಗೆ ಕಳಿಸಿತು. 1869ರಲ್ಲಿ ಅಚ್ಚಾದ ಅವರ ವರದಿಯ ಶೀರ್ಷಿಕೆಯಲ್ಲೂ ಹುಳುವಿಗೆ ಇರುವ ಹೆಸರು ಬರೀ ಬೋರರ್. ಆಗ ಅದು ಸಾಕಾಗಿತ್ತು, ಕಾಫಿ ತೋಟದವರ ಪಾಲಿಗೆ ಬೋರರ್ ಎಂದರೆ ಅದೊಂದೇ. ಚಿಕ್ಕಮಗಳೂರಿನ ಹೆಸರನ್ನೇ ಹೊತ್ತಿದ್ದ ‘ಚಿಕ್’ ಎಂಬ ಹಳೆಯ ತಳಿ ಈ ಹುಳು ಮತ್ತು ಎಲೆ ತುಕ್ಕು ರೋಗದ ಹೊಡೆತಕ್ಕೆ ಸಿಕ್ಕಿ ತೋಟಗಳಿಂದ ಮರೆಯಾಯಿತು.

ದುಂಬಿ ಒಂದೆರಡು ಸೆಂಟಿಮೀಟರ್ ಉದ್ದ, ಕಪ್ಪು ಮೈಮೇಲೆ ಬಿಳಿ ಪಟ್ಟೆ. ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಇನ್ನೊಮ್ಮೆ ಇವು ಹಾರುತ್ತವೆ. ಬಿಸಿಲೆಂದರೆ ಇವಕ್ಕೆ ಪ್ರಾಣ. ಸೂರ್ಯ ಚೆನ್ನಾಗಿ ಕಾಯಿಸಿದ ಹೊತ್ತಿನಲ್ಲಿ ಕೂಡುತ್ತವೆ, ಬಿಸಿಲು ನೇರ ಬೀಳುವ ಬೊಡ್ಡೆಯ ತೊಗಟೆ ಬಿರುಕುಗಳಲ್ಲಿ ಹೆಣ್ಣು ಮೊಟ್ಟೆ ಸಿಕ್ಕಿಸುತ್ತದೆ. ಹತ್ತು ದಿನಗಳ ಆಸುಪಾಸಿನಲ್ಲಿ ಮರಿ ಹೊರಬಂದು ಒಂದೆರಡು ತಿಂಗಳು ತೊಗಟೆಯ ಕೆಳಗೇ ತಿನ್ನುತ್ತದೆ. ಆಗ ಬೊಡ್ಡೆಯ ಸುತ್ತ ಉಬ್ಬಿದ ಗೆರೆಗಳು ಮೂಡುತ್ತವೆ. ಗಿಡ ಕೊಡುವ ಸೂಚನೆ ಅದೊಂದೇ, ಎಲೆ ಹಳದಿಯಾಗಿ ಸೊರಗುವುದು ಆಮೇಲಿನ ಮಾತು. ನಂತರ ಮರಿ ಗಟ್ಟಿ ಮರದೊಳಗೆ ಇಳಿದು ದಿಕ್ಕುದಿಕ್ಕಿಗೆ ಸುರಂಗ ತೋಡುತ್ತದೆ, ಬೇರಿನವರೆಗೂ ಹೋಗುತ್ತದೆ. ತೋಡಿದ ದಾರಿಯನ್ನು ತನ್ನದೇ ಹಿಕ್ಕೆಯ ಪುಡಿಯಿಂದ ಒತ್ತಾಗಿ ತುಂಬಿಕೊಂಡು ಸಾಗುವುದರಿಂದ ಹೊರಗೆ ಒಂದು ತೂತೂ ಕಾಣುವುದಿಲ್ಲ. ಮರಿಯಾಗಿಯೇ ಒಂಬತ್ತು ಹತ್ತು ತಿಂಗಳು ಒಳಗಿರುತ್ತದೆ. ಬೊಡ್ಡೆಯ ಮೇಲೆ ತೂತು ಕಂಡಿತೆಂದರೆ ದುಂಬಿ ಹೊರಟುಹೋಗಿದೆ ಎಂದೇ ಅರ್ಥ.

ಒಳಗಿರುವ ಮರಿಗೆ ಹೊರಗಿನ ಸಿಂಪರಣೆ ತಾಗುವುದಿಲ್ಲ. ಒಂದು ಕಾಲದಲ್ಲಿ ಲಿಂಡೇನ್ ಹೊಡೆಯುತ್ತಿದ್ದುದು ಮೊಟ್ಟೆಯಿಡಲು ಬರುವ ದುಂಬಿಯನ್ನೂ ತೊಗಟೆಯೊಳಗೆ ನುಗ್ಗುವ ಮರಿಯನ್ನೂ ತಡೆಯಲು. 2013ರಿಂದ ಅದರ ಬಳಕೆಯೇ ನಿಷೇಧವಾಗಿದೆ. ಉಳಿದಿರುವುದು ಕೈಕೆಲಸ. ತೆಂಗಿನ ನಾರಿನ ಕೈಗವಸಿನಿಂದ ಬೊಡ್ಡೆಯ ಸಡಿಲ ತೊಗಟೆ ಉಜ್ಜಿ ತೆಗೆದರೆ ಮೊಟ್ಟೆಗೆ ಜಾಗ ಉಳಿಯುವುದಿಲ್ಲ. ಶೇಕಡಾ 10ರ ಸುಣ್ಣದ ನೀರನ್ನು ಬೊಡ್ಡೆಗೆ ಬಳಿಯುವುದೂ ಇದೇ ಉದ್ದೇಶಕ್ಕೆ. ದುಂಬಿ ಹಾರುವ ಮುನ್ನ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಸಾಲುಸಾಲಾಗಿ ಹುಡುಕಿ ಹುಳು ಹಿಡಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು. ಸೌದೆಗಾಯಿತೆಂದು ಕೊಟ್ಟಿಗೆಯ ಪಕ್ಕ ಪೇರಿಸಿಟ್ಟರೆ ಒಳಗಿನ ಹುಳುಗಳು ಅಲ್ಲೇ ದುಂಬಿಯಾಗಿ ಮತ್ತೆ ತೋಟಕ್ಕೆ ಹಾರುತ್ತವೆ. ಎಷ್ಟೋ ಕಡೆ ಹಾಳಾಗುವುದು ಈ ಕೊನೆಯ ಹಂತದಲ್ಲೇ.

ಇಷ್ಟೆಲ್ಲ ಮಾಡಿಯೂ ನೆರಳು ಸಾಲದಿದ್ದರೆ ಫಲವಿಲ್ಲ. ಅತ್ತಿ, ಬಸರಿ, ಹಲಸು, ಹಾಲುವಾಣಗಳ ನೆರಳಿನಲ್ಲಿ ಬೊಡ್ಡೆ ತಣ್ಣಗಿರುತ್ತದೆ, ದುಂಬಿಗೆ ಬೇಕಾದ ಬಿಸಿಲು ಸಿಗುವುದಿಲ್ಲ. ಅರೇಬಿಕಾ ಬ್ಲಾಕಿನ ಮರಗಸಿಯಲ್ಲಿ ಕೈ ಜೋರಾದರೆ ಆ ವರ್ಷವಲ್ಲದಿದ್ದರೂ ಮುಂದಿನ ವರ್ಷಗಳಲ್ಲಿ ಬೋರರ್ ಗಿಡಗಳ ಲೆಕ್ಕ ಏರುತ್ತದೆ. ರೋಬಸ್ಟಾಕ್ಕೆ ಈ ಹುಳುವಿನ ಕಾಟ ಸಾಮಾನ್ಯವಾಗಿ ಇಲ್ಲ. ಅನೇಕರು ಅರೇಬಿಕಾ ಕೀಳಿಸಿ ರೋಬಸ್ಟಾ ನೆಟ್ಟಿರುವುದಕ್ಕೆ ಇದೂ ದೊಡ್ಡ ಕಾರಣ.

ಆದರೆ ರೋಬಸ್ಟಾಕ್ಕೆ ಹೋದವರನ್ನು ಎರಡನೆಯ ಬೋರರ್ ಕಾದಿತ್ತು. ಕಾಯಿಕೊರಕ, ಬೆಳೆಗಾರರ ಮಾತಿನ ಬೆರಿ ಬೋರರ್, ಆಫ್ರಿಕಾ ಮೂಲದ್ದು. ವಿಜ್ಞಾನ ಇದನ್ನು 1867ರಲ್ಲೇ ಗುರುತಿಸಿ ಹೆಸರಿಟ್ಟಿದ್ದರೂ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗು ದಾಟಿ ಚಿಕ್ಕಮಗಳೂರಿನ ಗುಡ್ಡಗಳಿಗೂ ಬಂತು. ಹೆಣ್ಣಿನ ಉದ್ದ ಎರಡು ಮಿಲಿಮೀಟರೂ ಇಲ್ಲ. ಕಾಯಿಯ ಹೊಕ್ಕುಳಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಹೊಕ್ಕು, ಬೀಜದಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ದುಂಬಿಯಾಗಲು ಒಂದು ತಿಂಗಳು ಸಾಕು.

ಈ ಹುಳುವಿನ ಸಂಸಾರವೇ ವಿಚಿತ್ರ. ಹುಟ್ಟುವವುಗಳಲ್ಲಿ ಹೆಣ್ಣೇ ಬಹುಪಾಲು. ಬೆರಳೆಣಿಕೆಯ ಗಂಡುಗಳಿಗೆ ಹಾರಲು ಬರುವುದಿಲ್ಲ, ಅವು ಹುಟ್ಟಿದ ಕಾಯಿಯಲ್ಲೇ ತಮ್ಮ ಒಡಹುಟ್ಟಿದ ಹೆಣ್ಣುಗಳೊಡನೆ ಕೂಡಿ ಅಲ್ಲೇ ಸಾಯುತ್ತವೆ. ಹೆಣ್ಣು ಹೊರಬರುವಾಗಲೇ ಮೊಟ್ಟೆಯಿಡಲು ಸಿದ್ಧ. ಕೊಯ್ಲಿನ ನಂತರ ಗಿಡದ ಬುಡದಲ್ಲಿ ಉಳಿದ ಒಂದೇ ಒಂದು ಕಾಯಿ ಹೊಸ ಪೀಳಿಗೆಯನ್ನು ಶುರುಮಾಡಬಲ್ಲದು. ಉದುರು ಹೆಕ್ಕಿಸುವ ಕೂಲಿ ದಂಡವೆಂದು ಕೈಬಿಡುವವರು ಇದನ್ನು ಯೋಚಿಸಬೇಕು. ಬಿದ್ದ ಕಾಯಿಯೊಳಗೆ ಬೇಸಿಗೆ ಕಳೆದ ಹುಳುಗಳು ಹೂಮಳೆಯ ತೇವ ತಾಗಿದೊಡನೆ ಗುಂಪಾಗಿ ಹೊರಡುತ್ತವೆ.

ಇನ್ನೊಂದು ಪ್ರಶ್ನೆಯೂ ವಿಜ್ಞಾನಿಗಳನ್ನು ಕಾಡಿತ್ತು. ಕಾಫಿ ಬೀಜದ ಕೆಫೀನ್ ಅನೇಕ ಕೀಟಗಳಿಗೆ ವಿಷ. ಅದನ್ನೇ ತಿಂದು ಈ ಹುಳು ಬದುಕುವುದು ಹೇಗೆ? 2015ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಉತ್ತರ ಕೊಟ್ಟಿತು. ಹುಳುವಿನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಹಾಕುತ್ತವೆ. ಆಂಟಿಬಯಾಟಿಕ್ ಕೊಟ್ಟು ಆ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಕೆಫೀನ್ ಒಡೆಯದೆ ಹಾಗೆಯೇ ಹೊರಬಿತ್ತು.

ಕಾಂಡಕೊರಕಕ್ಕೆ ಮಾಡುವ ಯಾವ ಕೆಲಸವೂ ಇಲ್ಲಿ ನಡೆಯುವುದಿಲ್ಲ. ಬೊಡ್ಡೆಗೆ ಸುಣ್ಣ ಬಳಿದರೆ ಕಾಯಿಯೊಳಗಿನ ಹುಳುವಿಗೇನು? ಇದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾದ ಕೊಯ್ಲು, ಗಿಡದ ಬುಡಕ್ಕೆ ಚಾಪೆ ಹಾಸಿ ಕೊಯ್ಯುವುದು, ಉಳಿದದ್ದನ್ನೆಲ್ಲ ಹೆಕ್ಕುವುದು. ಕಣದಲ್ಲಿ ಪಾರ್ಚ್‌ಮೆಂಟನ್ನು ಶೇಕಡಾ 10, ರೋಬಸ್ಟಾ ಚೆರಿಯನ್ನು ಶೇಕಡಾ 11ರ ತೇವಾಂಶಕ್ಕೆ ಒಣಗಿಸಬೇಕು. ತೇವ ಹೆಚ್ಚಿದ್ದರೆ ಗೋದಾಮಿನ ಚೀಲದೊಳಗೂ ಸಂತಾನ ಬೆಳೆಯುತ್ತದೆ. ಬೋವೇರಿಯಾ ಎಂಬ ಶಿಲೀಂಧ್ರ ಈ ಹುಳುವಿನ ಮೈಮೇಲೆ ಬೆಳೆದು ಕೊಲ್ಲುತ್ತದೆ. ಮದ್ಯಸಾರದ ವಾಸನೆಯಿಂದ ಸೆಳೆಯುವ ಟ್ರ್ಯಾಪುಗಳೂ ಇವೆ. ಕಾಂಡಕೊರಕದ ಟ್ರ್ಯಾಪು ಕೆಲಸ ಮಾಡುವುದೇ ಬೇರೆ ಬಗೆಯಲ್ಲಿ. ಅದರಲ್ಲಿರುವುದು ಗಂಡು ದುಂಬಿ ಹೆಣ್ಣನ್ನು ಕರೆಯಲು ಸೂಸುವ ರಾಸಾಯನಿಕದ ನಕಲು. ಒಂದರ ಟ್ರ್ಯಾಪು ಇನ್ನೊಂದಕ್ಕೆ ಬಾರದು.

ಶಾಟ್ ಹೋಲ್ ಬೋರರ್ ಇನ್ನೂ ಬೇರೆ. ರೋಬಸ್ಟಾದ ಹಸಿರು ರೆಂಬೆಯ ತಳಭಾಗದಲ್ಲಿ ಗುಂಡುಸೂಜಿ ಚುಚ್ಚಿದಂತಹ ತೂತು ಇದ್ದರೆ ಅದು ಇದರದ್ದು. ಇದು ಮರ ತಿನ್ನುವುದಿಲ್ಲ. ಕೊರೆದ ಸುರಂಗದ ಗೋಡೆಗೆ ತಾನೇ ಹೊತ್ತು ತಂದ ಶಿಲೀಂಧ್ರವನ್ನು ಬಿತ್ತಿ, ಬೆಳೆದ ಆ ಬೂಸ್ಟನ್ನು ಮರಿಗಳಿಗೆ ಉಣಿಸುತ್ತದೆ. ಬೇಸಾಯ ಬಲ್ಲ ಕೀಟ! ರೆಂಬೆ ಮಾತ್ರ ಎಲೆ ಉದುರಿಸಿ ಒಣಗುತ್ತದೆ. ತೂತಿನಿಂದ ಒಂದಷ್ಟು ಹಿಂದಕ್ಕೆ ರೆಂಬೆ ಕತ್ತರಿಸಿ ಸುಡುವುದು, ಬೇಡದ ಕಂಬಚಿಗುರು ತೆಗೆಯುವುದು, ನೀರು ನಿಲ್ಲದಂತೆ ಬಸಿಗಾಲುವೆ ಮಾಡುವುದು ಇದಕ್ಕೆ ಪರಿಹಾರ.

ನೆರಳಿನ ತೊಡಕು ಬರುವುದು ಇಲ್ಲಿ. ಕಾಯಿಕೊರಕ, ರೆಂಬೆಕೊರಕ ಎರಡಕ್ಕೂ ದಟ್ಟ ನೆರಳು, ತೇವದ ಗಾಳಿ ಇಷ್ಟ. ಅವುಗಳಿಗೆ ನೆರಳು ತೆಳುವಾಗಿಸಿ ಗಾಳಿ ಬೆಳಕು ಆಡಿಸಬೇಕು. ಕಾಂಡಕೊರಕಕ್ಕೆ ನೆರಳು ಕಾಪಾಡಬೇಕು. ಅರೇಬಿಕಾ ರೋಬಸ್ಟಾ ಎರಡೂ ಇರುವ ತೋಟದಲ್ಲಿ ‘ಬೋರರಿಗೆ ನೆರಳು ತೆಗೆಸಿ’ ಎಂದು ಯಾರೋ ಹೇಳಿದ್ದನ್ನು ಕೇಳಿ ಇಡೀ ತೋಟಕ್ಕೆ ಒಂದೇ ಅಳತೆಯಲ್ಲಿ ಮರಗಸಿ ಮಾಡಿಸಿದರೆ ಒಂದು ಹುಳುವನ್ನು ಓಡಿಸಿ ಇನ್ನೊಂದನ್ನು ಕರೆದಂತೆಯೇ ಸರಿ. ಮರಗಸಿಯ ತೀರ್ಮಾನ ಬ್ಲಾಕಿನಿಂದ ಬ್ಲಾಕಿಗೆ ಆಗಬೇಕು.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸಂಸ್ಥಾನದ ಕಾಲಕ್ಕೆ ಶುರುವಾದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಈ ಹುಳುಗಳ ವಿಷಯದಲ್ಲಿ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅಲ್ಲಿಯ ಕೀಟಶಾಸ್ತ್ರಜ್ಞರ ದುಡಿಮೆ. ಅವರ ಕೈಪಿಡಿಗಳಲ್ಲಿ ಪ್ರತಿ ಬೋರರಿಗೂ ಪೂರ್ತಿ ಹೆಸರಿದೆ. ಆ ಹೆಸರುಗಳನ್ನು ನಮ್ಮ ಮಾತಿಗೂ ತರೋಣ. ಔಷಧಿ ಅಂಗಡಿಯಲ್ಲಿ ‘ಬೋರರಿಗೆ ಏನಾದರೂ ಕೊಡಿ’ ಎಂದು ಕೇಳುವ ಮೊದಲು ಬೊಡ್ಡೆ ಸೀಳಿ, ಕಾಯಿ ಒಡೆದು, ರೆಂಬೆ ಕತ್ತರಿಸಿ ಒಳಗಿರುವುದು ಯಾವುದೆಂದು ನೋಡಿ. ಗುರುತು ಸಿಗದಿದ್ದರೆ ಆ ತುಂಡನ್ನೇ ಕಾಫಿ ಮಂಡಳಿಯ ವಿಸ್ತರಣಾ ಕಚೇರಿಗೆ ಒಯ್ದು ತೋರಿಸಿ. ಬೆರಿ ಬೋರರ್ ಎಂದು ಖಚಿತವಾದರೆ ಪಕ್ಕದ ತೋಟದವರಿಗೂ ತಿಳಿಸಿ, ಉದುರು ಹೆಕ್ಕುವ ಕೆಲಸ ಎರಡೂ ತೋಟದಲ್ಲಿ ಒಂದೇ ವಾರ ನಡೆಯಲಿ.