ಮಹಿಳೆಯರಲ್ಲಿ ಜಿ6ಪಿಡಿ ಕೊರತೆ: ‘ನಾರ್ಮಲ್’ ಎಂಬ ವರದಿಯಷ್ಟೇ ಸಾಲದು

ಕೆಂಪು ರಕ್ತಕಣಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ಕಿಣ್ವ ಜಿ6ಪಿಡಿ. ಹುಟ್ಟಿನಿಂದಲೇ ಅದರ ಕೊರತೆಯಿರುವವರಲ್ಲಿ ಹೆಚ್ಚಿನವರಿಗೆ ದಿನನಿತ್ಯ ಯಾವ ತೊಂದರೆಯೂ ಕಾಣಿಸದು. ಆದರೆ ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್, ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್‌ನಂಥ ಔಷಧ ಸೇವಿಸಿದಾಗ ಅಥವಾ ತೀವ್ರ ಸೋಂಕು ತಗುಲಿದಾಗ ಕಣಗಳು ಒಡೆಯುತ್ತವೆ. ಮೂತ್ರದ ಬಣ್ಣ ಕಪ್ಪಾಗುತ್ತದೆ, ಕಾಮಾಲೆ ಕಾಣಿಸಿಕೊಳ್ಳುತ್ತದೆ, ರಕ್ತದ ಹಿಮೋಗ್ಲೋಬಿನ್ ಹಠಾತ್ತನೆ ಕುಸಿಯುತ್ತದೆ.

ಈ ಕಿಣ್ವದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅವರಲ್ಲಿ ಕೊರತೆ ಇದೆ ಅಥವಾ ಇಲ್ಲ, ಪರೀಕ್ಷೆ ಸುಲಭ. ಹೆಂಗಸರಿಗೆ ಎಕ್ಸ್ ಎರಡು. 1961ರಲ್ಲಿ ಬ್ರಿಟನ್ನಿನ ಮೇರಿ ಲಯನ್ ವಿವರಿಸಿದಂತೆ, ಪ್ರತಿ ಜೀವಕೋಶದಲ್ಲೂ ಎರಡರಲ್ಲೊಂದು ಎಕ್ಸ್ ನಿಷ್ಕ್ರಿಯವಾಗುತ್ತದೆ. ಹೀಗಾಗಿ ಒಂದು ದೋಷಯುಕ್ತ ವಂಶವಾಹಿ ಹೊತ್ತ ಮಹಿಳೆಯ ರಕ್ತದಲ್ಲಿ ಕಿಣ್ವವುಳ್ಳ ಕಣ, ಕಿಣ್ವವಿಲ್ಲದ ಕಣ ಎರಡೂ ಬೆರೆತಿರುತ್ತವೆ. ಬೆರಕೆಯ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ತೆರ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಈ ವಿಷಯ ದೂರದ್ದಲ್ಲ. ನೂಲಿನ ಗಿರಣಿ, ಬನಿಯನ್ ಕಾರ್ಖಾನೆಗಳಿಗೆ ಮಲೇರಿಯಾ ಹೆಚ್ಚಿರುವ ಒಡಿಶಾ, ಜಾರ್ಖಂಡ್‌ಗಳಿಂದ ಬಂದು ದುಡಿಯುವ ಯುವತಿಯರು ಇಲ್ಲಿ ಬಹಳ. ಭಾರತದ ಆದಿವಾಸಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಕೊರತೆಗೆ ‘ಜಿ6ಪಿಡಿ ಒರಿಸ್ಸಾ’ ಎಂದೇ ಹೆಸರು. ವೈವ್ಯಾಕ್ಸ್ ಮಲೇರಿಯಾದ ಪರೋಪಜೀವಿ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಮರುಕಳಿಸಬಲ್ಲದು. ಅದನ್ನು ನಿರ್ಮೂಲ ಮಾಡಲು 14 ದಿನ ಪ್ರಿಮಾಕ್ವಿನ್ ಕೊಡುವುದು ರಾಷ್ಟ್ರೀಯ ಪದ್ಧತಿ. ಆದರೆ ಗರ್ಭಿಣಿಯರಿಗೆ ಅದನ್ನು ಕೊಡುವುದಿಲ್ಲ.

ಕೊರತೆ ಪತ್ತೆಗೆ ಸಾಮಾನ್ಯವಾಗಿ ಮಾಡುವುದು ಪ್ರತಿದೀಪ್ತಿ ಚುಕ್ಕೆ ಪರೀಕ್ಷೆ. ರಕ್ತಕ್ಕೆ ರಾಸಾಯನಿಕ ಬೆರೆಸಿ ಸೋಸುಕಾಗದದ ಮೇಲೆ ಚುಕ್ಕೆಯಿಟ್ಟು ಅತಿನೇರಳೆ ದೀಪದಡಿ ನೋಡುತ್ತಾರೆ. ಹೊಳೆದರೆ ಕಿಣ್ವವಿದೆ, ಹೊಳೆಯದಿದ್ದರೆ ಕೊರತೆ. ಕಡಿಮೆ ಖರ್ಚಿನ ಈ ಪರೀಕ್ಷೆ ಸುಮಾರು ಶೇ. 30ಕ್ಕಿಂತ ಕಡಿಮೆ ಕಿಣ್ವವಿರುವವರನ್ನಷ್ಟೇ ಚೆನ್ನಾಗಿ ಗುರುತಿಸುತ್ತದೆ. ಅರ್ಧದಷ್ಟು ಕಣಗಳಲ್ಲಿ ಕಿಣ್ವವೇ ಇಲ್ಲದ ಮಹಿಳೆಯ ಒಟ್ಟು ಮಟ್ಟ ಶೇ. 50ರ ಆಸುಪಾಸಿನಲ್ಲಿರುತ್ತದೆ, ಚುಕ್ಕೆ ಹೊಳೆಯುತ್ತದೆ, ವರದಿ ‘ನಾರ್ಮಲ್’ ಎನ್ನುತ್ತದೆ. ಔಷಧ ಹೊಟ್ಟೆಗೆ ಬಿದ್ದಾಗ ಕಿಣ್ವವಿಲ್ಲದ ಆ ಅರ್ಧ ಕಣಗಳು ಮಾತ್ರ ಅಪಾಯಕ್ಕೆ ಒಡ್ಡಿಕೊಂಡೇ ಇರುತ್ತವೆ.

ಆದ್ದರಿಂದ ಮಹಿಳೆಯರಿಗೆ ಬೇಕಾದದ್ದು ಪ್ರಮಾಣ ಅಳೆಯುವ ಪರೀಕ್ಷೆ. ಕಿಣ್ವ ಕೆಲಸ ಮಾಡಿದಾಗ ಹುಟ್ಟುವ ಎನ್‌ಎಡಿಪಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ಅದು ಹುಟ್ಟುವ ವೇಗವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆದು, ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಯೂನಿಟ್ ಎಂದು ಬರೆಯುತ್ತಾರೆ. ಆರೋಗ್ಯವಂತ ಗಂಡಸರ ಮಧ್ಯಾಂಕ ಮಟ್ಟವನ್ನು ನೂರೆಂದು ಹಿಡಿದರೆ 30ಕ್ಕಿಂತ ಕಡಿಮೆ ಕೊರತೆ, 30ರಿಂದ 70 ಮಧ್ಯಮ, 70ರ ಮೇಲೆ ಸಾಮಾನ್ಯ. ಮರುಕಳಿಕೆ ತಡೆಯಲು ಒಂದೇ ಡೋಸ್ ಸಾಕಾಗುವ ಟಫೆನೋಕ್ವಿನ್ ಔಷಧವನ್ನು ಈ ಅಂಕಿ 70 ದಾಟಿದವರಿಗಷ್ಟೇ ಕೊಡಬಹುದು.

ಫಲಿತಾಂಶ ದಿಕ್ಕು ತಪ್ಪಿಸುವ ಸಂದರ್ಭಗಳೂ ಇವೆ. ಕಣಗಳು ಒಡೆದ ಹೊಸದರಲ್ಲಿ ರಕ್ತದಲ್ಲಿ ಹೆಚ್ಚಾಗಿರುವುದು ಎಳೆಯ ಕಣಗಳು. ಅವುಗಳಲ್ಲಿ ಕಿಣ್ವ ಹೆಚ್ಚು. ರಕ್ತ ಹಾಕಿಸಿಕೊಂಡಿದ್ದರೆ ಅಳತೆಗೆ ಸಿಗುವುದು ದಾನಿಯ ಕಿಣ್ವವೂ ಹೌದು. ಎರಡೂ ಸಂದರ್ಭಗಳಲ್ಲಿ ಸುಮಾರು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು. ತೀವ್ರ ರಕ್ತಹೀನತೆಯಲ್ಲಿ ಬಿಳಿ ರಕ್ತಕಣಗಳ ಕಿಣ್ವ ಸೇರಿ ಅಂಕಿ ಏರಬಹುದು. ಮಾದರಿಯನ್ನು ಬಿಸಿಲಿಗೆ ಬಿಡದೆ ತಣ್ಣಗಿಟ್ಟು ಲ್ಯಾಬ್‌ಗೆ ತಲುಪಿಸಬೇಕು. ಅನುಮಾನ ಉಳಿದರೆ ವಂಶವಾಹಿ ಪರೀಕ್ಷೆ ದೋಷವನ್ನು ಖಚಿತಪಡಿಸುತ್ತದೆ. ಆದರೆ ಎಷ್ಟು ಕಣಗಳು ದುರ್ಬಲ ಎಂಬುದನ್ನು ಅದು ಹೇಳಲಾರದು.

ಒಂದು ದೋಷಯುಕ್ತ ವಂಶವಾಹಿ ಹೊತ್ತ ತಾಯಿಯ ಪ್ರತಿ ಗಂಡುಮಗುವಿಗೂ ಕೊರತೆ ಬರುವ ಸಾಧ್ಯತೆ ಶೇ. 50, ಅಂಥ ನವಜಾತ ಶಿಶುಗಳಿಗೆ ತೀವ್ರ ಕಾಮಾಲೆಯ ಅಪಾಯ ಹೆಚ್ಚು. ಹೀಗೆ ತನ್ನ ಮತ್ತು ಮಗುವಿನ ಹಿತಕ್ಕಾಗಿ ಪ್ರಿಮಾಕ್ವಿನ್ ಆರಂಭಿಸುವ ಮೊದಲು ಪ್ರತಿ ಮಹಿಳೆಯೂ ‘ನಾರ್ಮಲ್’ ಎಂಬ ಮಾತಿಗೆ ತೃಪ್ತಳಾಗದೆ ಅಂಕಿಯನ್ನೇ ಕೇಳಿ ಪಡೆಯಬೇಕು, ಆ ವರದಿಯನ್ನು ಜೀವನಪೂರ್ತಿ ಜೋಪಾನವಾಗಿಟ್ಟುಕೊಂಡು ಪ್ರತಿ ವೈದ್ಯರಿಗೂ ತೋರಿಸಬೇಕು.